ಷರ್ಲಾಕ್ ಹೋಮ್ಸ್ ಅಭಿಮಾನಿ ಸಂಘಗಳು

ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸನ ಕಥೆಗಳನ್ನು ಓದಿ ಚರ್ಚಿಸುವ ಓದುಗರ ಕೂಟಗಳು. 4 ಕಾದಂಬರಿ, 56 ಸಣ್ಣಕಥೆಗಳು ಇವರ ಮೂಲಗ್ರಂಥ. 1893ರಲ್ಲಿ ಡಾಯ್ಲ್ ತನ್ನ ನಾಯಕನನ್ನು ಸ್ವಿಟ್ಜರ್ಲೆಂಡಿನ ರೈಕನ್‌ಬಾಖ್ ಜಲಪಾತದಲ್ಲಿ ಕೊಂದಾಗ ಓದುಗರು ಕೆರಳಿದರು. 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು.

ಈ ಪ್ರೀತಿಗೆ ಪಾಂಡಿತ್ಯದ ರೂಪ ಕೊಟ್ಟವನು ರೊನಾಲ್ಡ್ ನಾಕ್ಸ್. 1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆತ ಓದಿದ ಪ್ರಬಂಧವು ಹೋಮ್ಸ್ ಕಥೆಗಳನ್ನು ಧರ್ಮಗ್ರಂಥದಂತೆ ಪರಿಶೀಲಿಸಿತು. ಆಮೇಲೆ ಅದೊಂದು ಆಟವೇ ಆಯಿತು: ಹೋಮ್ಸ್ ನಿಜವಾಗಿ ಬದುಕಿದ್ದ, ಕಥೆ ಬರೆದವನು ಅವನ ಗೆಳೆಯ ವ್ಯಾಟ್ಸನ್ ಎಂದು ನಂಬಿಕೊಂಡು ಕಥೆಗಳ ಎಡವಟ್ಟುಗಳನ್ನು ಬಿಡಿಸುವುದು. ಒಂದು ಕಡೆ ವ್ಯಾಟ್ಸನ್ನನಿಗೆ ಗುಂಡೇಟು ತಗುಲಿದ್ದು ಭುಜಕ್ಕೆ, ಇನ್ನೊಂದು ಕಡೆ ಕಾಲಿಗೆ. ಅವನ ಹೆಸರು ಜಾನ್. ಹೆಂಡತಿ ಒಮ್ಮೆ ಜೇಮ್ಸ್ ಎಂದು ಕರೆಯುತ್ತಾಳೆ. ಲೇಖಕನ ಮರೆವು ಎಂದು ಬಿಟ್ಟುಬಿಡದೆ ಕಾರಣ ಹುಡುಕಿದವರು ಪ್ರತಿ ವಾಕ್ಯವನ್ನೂ ಎಚ್ಚರದಿಂದ ಓದುವುದನ್ನು ಕಲಿತರು. ಸಂಘಗಳ ನಿಜವಾದ ಸಾಧನೆ ಈ ಓದು.

1934ರಲ್ಲಿ ನ್ಯೂಯಾರ್ಕಿನಲ್ಲಿ ಕ್ರಿಸ್ಟಫರ್ ಮಾರ್ಲಿ ‘ಬೇಕರ್ ಸ್ಟ್ರೀಟ್ ಇರ್ರೆಗ್ಯುಲರ್ಸ್’ ಕಟ್ಟಿದ. ಪತ್ರಿಕೆಯಲ್ಲಿ ಅಚ್ಚಾದ ಪದಬಂಧವನ್ನು ಬಿಡಿಸಿದವರಿಗೆ ಆಗ ಅಲ್ಲಿ ಪ್ರವೇಶ. 1946ರಿಂದ ಅದರ ಪತ್ರಿಕೆ ‘ಬೇಕರ್ ಸ್ಟ್ರೀಟ್ ಜರ್ನಲ್’ ಹೊರಬರುತ್ತಿದೆ. ಅದೇ 1934ರಲ್ಲಿ ಹುಟ್ಟಿದ ಲಂಡನ್ನಿನ ಸಂಘ ಬಾಳಲಿಲ್ಲ. 1951ರ ಹೋಮ್ಸ್ ವಸ್ತುಪ್ರದರ್ಶನದ ಉತ್ಸಾಹದಲ್ಲಿ ಈಗಿನ ಸಂಘ ರೂಪುಗೊಂಡಿತು. ಜಪಾನಿನ ಕ್ಲಬ್ 1977ರದು. ಭಾರತದಲ್ಲೂ ಇಂಥ ಸಂಘವಿದೆ.

ಅಮೆರಿಕದ ಸಂಘ ದಶಕಗಳ ಕಾಲ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಅದು ಸಲ್ಲದ ನಡೆ. ವಿದ್ಯಾರ್ಥಿನಿಯರು 1960ರ ದಶಕದಲ್ಲಿ ತಮ್ಮದೇ ಬಳಗ ಕಟ್ಟಿಕೊಂಡು, ವಾರ್ಷಿಕ ಭೋಜನಕೂಟದ ಹೊರಗೆ ನಿಂತು ಪ್ರತಿಭಟಿಸಿದರು. ಬಾಗಿಲು ತೆರೆದದ್ದು 1991ರಲ್ಲಿ.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಎನ್. ನರಸಿಂಹಯ್ಯನವರ (1925–2011) ಓದುಗ ಬಳಗ. ಹೆಚ್ಚು ಶಾಲೆ ಕಲಿಯದ ಅವರು 1950ರ ದಶಕದಿಂದ 500ರಷ್ಟು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರು ಸೃಷ್ಟಿಸಿದ ಪತ್ತೇದಾರ ಪುರುಷೋತ್ತಮನ ಮೇಲಿನ ಅಭಿಮಾನ ಬೆಳೆದದ್ದು ಭೋಜನಕೂಟಗಳಲ್ಲಲ್ಲ, ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳಲ್ಲಿ, ಕೈಯಿಂದ ಕೈಗೆ ದಾಟಿ ಹರಿದ ಪ್ರತಿಗಳಲ್ಲಿ. ಕನ್ನಡ ಓದುವ ಚಟವನ್ನು ಸಾವಿರಾರು ಜನರಿಗೆ ಹತ್ತಿಸಿದ ಈ ಪುಸ್ತಕಗಳಿಗೂ ಹೋಮ್ಸ್ ಕಥೆಗಳಿಗೆ ಸಿಕ್ಕ ಆರೈಕೆ ಸಲ್ಲಬೇಕು. ಮನೆಯ ಅಟ್ಟದಲ್ಲಿ ಹಳೆಯ ಪ್ರತಿಗಳಿದ್ದವರು ರದ್ದಿಗೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೆ ಕೊಡಿ.