ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮಗಳು ಎಲ್ಲಿಗೆ? ಹೆಣ್ಣುಮಕ್ಕಳ ಹಕ್ಕು, ಕಾನೂನು ಮತ್ತು ಜಮಾಅತ್‌ನ ಹೊಣೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನಗಳಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಹಿಡಿದು ಉಳ್ಳಾಲ, ಬಂಟ್ವಾಳದವರೆಗಿನ ಎಷ್ಟೋ ಮನೆಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಒಂದು, "ಮಗಳಿಗೆ ಎಷ್ಟು ಮಾರ್ಕ್ ಬಂತು?" ಇನ್ನೊಂದು, "ಒಳ್ಳೆಯ ಸಂಬಂಧ ಬಂದಿದೆ, ನೋಡೋಣವಾ?" ಹುಡುಗಿಗೆ ಆಗ ಹದಿನೈದು, ಹದಿನಾರು ವರ್ಷ. ಗಡಿಯ ಆಚೆ ಪ್ಲಸ್ ಟು, ಈಚೆ ಪಿಯುಸಿ. ಈ ಎರಡು ವರ್ಷಗಳಲ್ಲಿ ಅವಳು ತರಗತಿಯಲ್ಲಿ ಕೂರುತ್ತಾಳೋ ಇಲ್ಲವೋ ಎಂಬುದರ ಮೇಲೆ ಅವಳ ಮುಂದಿನ ಬದುಕಿನ ಬಹುಪಾಲು ನಿಂತಿದೆ.

ಇಂದು ಸಮುದಾಯದ ಹೆಣ್ಣುಮಕ್ಕಳು ಡಾಕ್ಟರ್, ವಕೀಲೆ, ಶಿಕ್ಷಕಿ, ಇಂಜಿನಿಯರ್ ಆಗಿದ್ದಾರೆ. ಆದರೂ ಒಂದು ಮನೆಯಲ್ಲಿ ಒಬ್ಬ ಹುಡುಗಿಯ ಓದು ಅರ್ಧಕ್ಕೆ ನಿಂತರೆ ಆ ಮನೆಯ ಮಟ್ಟಿಗೆ ಅದು ಪೂರ್ತಿ ನಷ್ಟವೇ. ಇಂಥ ಸಂದರ್ಭದಲ್ಲಿ ಕಾನೂನು ಏನು ಹೇಳುತ್ತದೆ, ಯಾರ ಬಾಗಿಲು ತಟ್ಟಬೇಕು ಎಂಬುದು ಉಪ್ಪ-ಉಮ್ಮಂದಿರಿಗೂ ಯುವಜನರಿಗೂ ಮೊದಲೇ ಗೊತ್ತಿದ್ದರೆ ಅನಾಹುತ ತಪ್ಪಿಸಬಹುದು.

ಚಂದ್ರಗಿರಿಯ ತೀರದಿಂದ ಬಂದ ಮಾತು

ಈ ವಿಷಯದಲ್ಲಿ ಗಡಿನಾಡು ಮರೆಯಬಾರದ ಹೆಸರು ಸಾರಾ ಅಬೂಬಕ್ಕರ್. 1936ರ ಜೂನ್ 30ರಂದು ಕಾಸರಗೋಡಿನಲ್ಲಿ ಹುಟ್ಟಿದ ಅವರು, ಕನ್ನಡ ಶಾಲೆಯಲ್ಲಿ ಓದಿ ಶಾಲಾ ಶಿಕ್ಷಣ ಪೂರೈಸಿದ ಅಲ್ಲಿನ ಮೊದಲ ಸಾಲಿನ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಒಬ್ಬರು. ಕಾಲೇಜು ಮೆಟ್ಟಿಲು ಹತ್ತುವ ಆಸೆ ಮಾತ್ರ ಅಂದಿನ ಕಟ್ಟುಪಾಡುಗಳಿಂದಾಗಿ ಈಡೇರಲಿಲ್ಲ. ಮದುವೆಯ ನಂತರ ಮಂಗಳೂರಿನಲ್ಲಿ ನೆಲೆಸಿದ ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು ಕೂಡ 1963ರಲ್ಲಿ. ಅಷ್ಟರಿಂದಲೇ ಓದಿ, ಬರೆದು, ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮೂಲಕ ನಾಡಿನ ಗಮನ ಸೆಳೆದರು. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ದೊಡ್ಡವರ ಹಟಕ್ಕೆ ಬಲಿಯಾಗುವ ನಾದಿರಾಳ ಕತೆ ಅದು. 2023ರ ಜನವರಿ 10ರಂದು ಸಾರಾ ತೀರಿಕೊಂಡರು.

ಹತ್ತನೇ ತರಗತಿವರೆಗಿನ ಓದಿನಿಂದ ಒಬ್ಬ ಹೆಣ್ಣುಮಗಳು ಇಷ್ಟು ಮಾಡಿದ್ದರೆ, ಆ ದಾರಿ ಅಲ್ಲಿಗೇ ಮುಚ್ಚದೆ ಇದ್ದಿದ್ದರೆ ಇನ್ನೇನು ಆಗುತ್ತಿತ್ತು ಎಂಬ ಪ್ರಶ್ನೆ ಇಂದಿನ ಪ್ರತಿ ಮನೆಗೂ ಸೇರಿದ್ದು.

ಮಗು ಅಂದರೆ ಯಾರು?

ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1989ರ ನವೆಂಬರ್ 20ರಂದು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್‌ನಲ್ಲಿ. 18 ವರ್ಷ ತುಂಬದ ಪ್ರತಿಯೊಬ್ಬರೂ ಮಗು ಎಂಬುದು ಅದರ ತಳಹದಿ. ನಮ್ಮ ಪೋಕ್ಸೊ ಕಾಯ್ದೆ, ಬಾಲನ್ಯಾಯ ಕಾಯ್ದೆ ಎರಡೂ ಇದೇ ವಯಸ್ಸನ್ನು ಹಿಡಿದಿವೆ. "ಅವಳು ದೊಡ್ಡವಳಾದಳು" ಎಂದು ಮನೆಯವರು ಹೇಳುವುದು ಬೇರೆ, ಕಾನೂನಿನ ಪ್ರಕಾರ ಪ್ರಾಯಕ್ಕೆ ಬರುವುದು ಬೇರೆ.

ವಯಸ್ಸಿನ ಬಗ್ಗೆ ತಕರಾರು ಬಂದರೆ, ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ನೋಡುವುದು ಶಾಲೆಯ ಜನನ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್. ಅದಿಲ್ಲದಿದ್ದರೆ ಪಂಚಾಯತ್ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹೀಗಾಗಿ ಹೆರಿಗೆಯಾದ ಕೂಡಲೇ ಜನನ ನೋಂದಣಿ ಮಾಡಿಸುವುದೇ ಮಗುವಿನ ಹಕ್ಕಿನ ಮೊದಲ ಹೆಜ್ಜೆ.

ಶಾಲೆಯ ಹಕ್ಕು

ಸಂವಿಧಾನದ 21ಎ ವಿಧಿ ಮತ್ತು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಸಿಗಲೇಬೇಕು. ವಯಸ್ಸಿನ ದಾಖಲೆ ಇಲ್ಲ ಎಂದು ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಮಧ್ಯದಲ್ಲಿ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಹೊಡೆಯುವುದು, ಎಲ್ಲರೆದುರು ಹೀಯಾಳಿಸುವುದು ನಿಷಿದ್ಧ.

ಕಾಸರಗೋಡಿನ ಕನ್ನಡಿಗ ಮಕ್ಕಳಿಗೆ ಇನ್ನೊಂದು ರಕ್ಷಣೆಯೂ ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ಸ್ಥಿತಿಯಲ್ಲಿ ಬೆಳೆಯುವ ಹುಡುಗಿಗೆ ಭಾಷೆಯ ಕಾರಣದಿಂದಲೇ ಓದು ಭಾರವಾಗಬಾರದು.

ಇಲ್ಲಿ ಒಂದು ಕೊರತೆಯನ್ನು ಗಮನಿಸಬೇಕು. ಕಡ್ಡಾಯ ಶಿಕ್ಷಣದ ರಕ್ಷಣೆ 14ಕ್ಕೆ ನಿಲ್ಲುತ್ತದೆ, ಮದುವೆಯ ಕನಿಷ್ಠ ವಯಸ್ಸು 18. ನಡುವಿನ ನಾಲ್ಕು ವರ್ಷ ಹುಡುಗಿಯನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಹೊಣೆ ಮುಖ್ಯವಾಗಿ ಮನೆಯವರ ಮೇಲೆ, ಸಮುದಾಯದ ಮೇಲೆ ಬೀಳುತ್ತದೆ. ಅಂಗವೈಕಲ್ಯ ಇರುವ ಮಕ್ಕಳ ಮಟ್ಟಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಅಂತರವನ್ನು ತುಂಬಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೂ ಉಚಿತ ಶಿಕ್ಷಣದ ಹಕ್ಕಿದೆ. ಎಂಡೋಸಲ್ಫಾನ್ ದುರಂತ ಕಂಡ ಎಣ್ಮಕಜೆಯಂಥ ಊರುಗಳ ಮನೆಗಳಿಗೆ ಇದು ತಿಳಿದಿರಬೇಕು.

ಹಣದ ಕಾರಣಕ್ಕೆ ಓದು ನಿಲ್ಲಿಸುವ ಮೊದಲು ಇರುವ ನೆರವನ್ನು ವಿಚಾರಿಸಬೇಕು. ಕೇರಳದಲ್ಲಿ ಪದವಿ, ಸ್ನಾತಕೋತ್ತರ, ವೃತ್ತಿಪರ ಕೋರ್ಸ್ ಓದುವ ಮುಸ್ಲಿಂ ವಿದ್ಯಾರ್ಥಿನಿಯರಿಗೆ ಸಿ.ಎಚ್. ಮುಹಮ್ಮದ್ ಕೋಯ ಸ್ಕಾಲರ್‌ಶಿಪ್ ಇದೆ. ಕರ್ನಾಟಕದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲ ಯೋಜನೆ ಮತ್ತು ಅಲ್ಪಸಂಖ್ಯಾತರ ಇಲಾಖೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ನಿಯಮ, ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಶಾಲೆ, ಅಕ್ಷಯ ಕೇಂದ್ರ ಅಥವಾ ಇಲಾಖೆಯ ಕಚೇರಿಯಲ್ಲಿ ಆಯಾ ವರ್ಷವೇ ಕೇಳಿ ತಿಳಿಯಬೇಕು.

ಮದುವೆಯ ವಯಸ್ಸು: ತಲಪಾಡಿ ದಾಟಿದರೂ ಅದೇ

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 2007ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ತಪ್ಪಿದರೆ ಎರಡು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಮದುವೆಯಾಗುವ ವಯಸ್ಕ ಪುರುಷ, ಮದುವೆ ನಡೆಸಿಕೊಟ್ಟವರು, ತಡೆಯದೆ ಸುಮ್ಮನಿದ್ದ ಹೆತ್ತವರು ಎಲ್ಲರೂ ಇದರಡಿ ಬರುತ್ತಾರೆ. ಇಂಥ ಮದುವೆಯಲ್ಲಿ ಪಾಲ್ಗೊಳ್ಳುವುದನ್ನೂ ಕಾಯ್ದೆ ಬಿಟ್ಟಿಲ್ಲ. ಜಾಮೀನು ಇಲ್ಲಿ ಹಕ್ಕಲ್ಲ, ಕೋರ್ಟಿನ ವಿವೇಚನೆ.

ಕರಾವಳಿಯಲ್ಲಿ ಆಗಾಗ ಕೇಳುವ ಮಾತು: "ಈಗ ನಿಕಾಹ್ ಮಾತ್ರ ಮಾಡಿಡೋಣ, ಕರೆದುಕೊಂಡು ಹೋಗುವುದು ಆಮೇಲೆ." ನಿಕಾಹ್ ಅಂದರೇ ಮದುವೆಯ ಕರಾರು. ಆದ್ದರಿಂದ ಹುಡುಗಿ ತವರಲ್ಲೇ ಇದ್ದರೂ 18 ತುಂಬುವ ಮೊದಲಿನ ನಿಕಾಹ್ ಬಾಲ್ಯವಿವಾಹವೇ ಆಗುತ್ತದೆ. ಕಾಯ್ದೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಗಡಿ ದಾಟಿ ನಿಕಾಹ್ ಮಾಡಿದರೂ ಪ್ರಯೋಜನವಿಲ್ಲ. ಕೇಂದ್ರ ಕಾಯ್ದೆಯಂತೆ ಬಾಲ್ಯವಿವಾಹವನ್ನು ರದ್ದುಪಡಿಸಲು ಹುಡುಗಿ ಕೋರ್ಟಿಗೆ ಹೋಗಬಹುದು, ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ತಿದ್ದುಪಡಿಯ ನಂತರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಆಗಿಹೋದ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಕಾನೂನು ಸಕ್ರಮ ಮಕ್ಕಳೆಂದೇ ಪರಿಗಣಿಸುತ್ತದೆ, ಹುಡುಗಿಗೆ ಜೀವನಾಂಶ ಕೊಡಿಸಲು ಅವಕಾಶವೂ ಇದೆ.

"ಶರೀಅತ್ ಪ್ರಕಾರ ನಮಗೆ ಇದು ಅನ್ವಯಿಸುವುದಿಲ್ಲ" ಎಂಬ ವಾದವೂ ಇದೆ. ದೇಶದ ಬೇರೆ ಕೆಲವು ಹೈಕೋರ್ಟ್‌ಗಳಲ್ಲಿ ಭಿನ್ನ ತೀರ್ಪು ಬಂದದ್ದುಂಟು. ಆದರೆ ಗಡಿನಾಡಿನ ಕುಟುಂಬಗಳಿಗೆ ಸಂಬಂಧಿಸಿದ ಎರಡೂ ಹೈಕೋರ್ಟ್‌ಗಳ ಮಾತು ಸ್ಪಷ್ಟವಾಗಿದೆ. ಈ ಕಾಯ್ದೆ ಧರ್ಮಭೇದವಿಲ್ಲದೆ ಎಲ್ಲ ಭಾರತೀಯರಿಗೂ ಅನ್ವಯ ಎಂದು ಕೇರಳ ಹೈಕೋರ್ಟ್ 2024ರ ಜುಲೈಯಲ್ಲಿ ಹೇಳಿತು. ವೈಯಕ್ತಿಕ ಕಾನೂನಿನ ನೆಪದಲ್ಲಿ ಪೋಕ್ಸೊದಿಂದ ತಪ್ಪಿಸಿಕೊಳ್ಳಲಾಗದು ಎಂದು 2022ರಲ್ಲಿ ಕೇರಳ ಮತ್ತು ಕರ್ನಾಟಕ ಹೈಕೋರ್ಟ್‌ಗಳು ಹೇಳಿವೆ. 18 ತುಂಬದ ಪತ್ನಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್ 11ರಂದು ತೀರ್ಪಿತ್ತಿದೆ. ಅವಸರದ ನಿಕಾಹ್‌ನಿಂದ ಮದುಮಗ ಪೋಕ್ಸೊ ಆರೋಪಿಯಾಗಿ, ಹುಡುಗಿ ಸಾಕ್ಷಿಯಾಗಿ, ಎರಡು ಕುಟುಂಬಗಳು ಕೋರ್ಟು ಅಲೆಯುವ ಸ್ಥಿತಿ ಬರಬಹುದು.

"ವಯಸ್ಸು ಹೆಚ್ಚಾದಷ್ಟೂ ಚಿನ್ನ ಹೆಚ್ಚು ಕೇಳುತ್ತಾರೆ" ಎಂಬ ಭಯ ಬಡ ಉಪ್ಪಂದಿರದು. ಆ ಭಯ ಸುಳ್ಳಲ್ಲ. ಆದರೆ 1961ರ ಕಾಯ್ದೆಯಂತೆ ವರದಕ್ಷಿಣೆ ಕೊಡುವುದೂ ಪಡೆಯುವುದೂ ಅಪರಾಧ. ಇಸ್ಲಾಮಿನಲ್ಲಿ ಮಹ್ರ್ ಕೊಡಬೇಕಾದವನು ಹುಡುಗ. ವರದಕ್ಷಿಣೆ ಕೇಳದ ಯುವಕರು ಒಂದು ಊರಿನಲ್ಲಿ ಹತ್ತು ಮಂದಿ ಇದ್ದರೆ, ಆ ಊರಿನ ಹುಡುಗಿಯರ ಓದು ಎರಡು ವರ್ಷ ಮುಂದುವರಿದೀತು.

ಮಗು ಹೇಳಿದರೆ ಮೊದಲು ನಂಬಿ

ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಇದು ಗಂಡುಮಕ್ಕಳಿಗೂ ಅನ್ವಯ. ಹಲವು ಪ್ರಕರಣಗಳಲ್ಲಿ ಆರೋಪಿ ಮನೆಗೆ ಪರಿಚಿತನೇ ಆಗಿರುತ್ತಾನೆ. "ಮಾನ ಹೋದೀತು" ಎಂದು ವಿಷಯವನ್ನು ಮನೆಯೊಳಗೇ ಮುಗಿಸುವುದರಿಂದ ಅವನಿಗೆ ಧೈರ್ಯ ಬರುತ್ತದೆ, ಮಗು ಒಂಟಿಯಾಗುತ್ತದೆ.

ತಿಳಿದಿರಬೇಕಾದ ಅಂಶಗಳು:

- ಇಂಥ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ. ಶಾಲೆ, ಮದ್ರಸ, ಹಾಸ್ಟೆಲ್, ಟ್ಯೂಶನ್ ಯಾವುದಕ್ಕೂ ವಿನಾಯಿತಿ ಇಲ್ಲ.
- ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರ ಇಲ್ಲದೆ ಬರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ.
- ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿಕೆ ಬರೆದುಕೊಳ್ಳುವಂತಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕು. ಕನ್ನಡ, ಬ್ಯಾರಿ ಮಾತ್ರ ಬರುವ ಮಗು ಇದನ್ನು ಕೇಳಿ ಪಡೆಯಬಹುದು.
- ಹುಡುಗಿಯ ವೈದ್ಯಕೀಯ ತಪಾಸಣೆಯನ್ನು ಮಹಿಳಾ ವೈದ್ಯರೇ ಮಾಡಬೇಕು.
- ಮಗುವಿನ ಹೆಸರು, ಫೋಟೊ, ಮನೆ, ಶಾಲೆಯ ಗುರುತು ಬಹಿರಂಗಪಡಿಸುವುದು ಅಪರಾಧ. ವಾಟ್ಸ್ಆ್ಯಪ್ ಗ್ರೂಪಿಗೆ ಫಾರ್ವರ್ಡ್ ಮಾಡುವವರೂ ಸಿಕ್ಕಿಬೀಳುತ್ತಾರೆ.

ಯುವಕರಿಗೆ ಒಂದು ಎಚ್ಚರಿಕೆ. 18 ತುಂಬದವರ ‘ಒಪ್ಪಿಗೆ’ಗೆ ಈ ಕಾಯ್ದೆಯಲ್ಲಿ ಬೆಲೆಯಿಲ್ಲ. ಪ್ರೀತಿಯ ಹೆಸರಿನಲ್ಲಿ ಓಡಿಹೋದರೂ ಕೇಸು ಕೇಸೇ. ಅಪ್ರಾಪ್ತರ ಅಶ್ಲೀಲ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯಡಿ ಗಂಭೀರ ಅಪರಾಧ.

ಬೀಡಿ ಸೂಪು ಮತ್ತು ಪುಸ್ತಕ

ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳನ್ನು ಸಾಕಿದ್ದು ಉಮ್ಮಂದಿರು ಕಟ್ಟಿದ ಬೀಡಿ. ಆದರೆ ಮಗಳನ್ನೂ ಅದಕ್ಕೆ ಕೂರಿಸುವುದು ತಪ್ಪು. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ತಯಾರಿಯನ್ನು ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತ್ತು. 2016ರ ತಿದ್ದುಪಡಿಯಂತೆ 14ರ ಕೆಳಗಿನವರನ್ನು ಯಾವ ದುಡಿಮೆಗೂ ಹಚ್ಚುವಂತಿಲ್ಲ. ಶಾಲೆ ಮುಗಿದ ಮೇಲೆ ಮನೆಯ ಉದ್ಯೋಗಕ್ಕೆ ನೆರವಾಗಲು ಇರುವ ವಿನಾಯಿತಿ ಅಪಾಯಕಾರಿ ಕೆಲಸಗಳಿಗೆ ಸಲ್ಲುವುದಿಲ್ಲ.

ಯಾರ ಬಾಗಿಲು ತಟ್ಟಬೇಕು?

- 1098: ಮಕ್ಕಳ ಸಹಾಯವಾಣಿ. ಮಗುವೇ ಕರೆ ಮಾಡಬಹುದು, ನೆರೆಮನೆಯವರೂ ಮಾಡಬಹುದು.
- 112: ಪೊಲೀಸ್ ತುರ್ತು ಕರೆ. 181: ಮಹಿಳಾ ಸಹಾಯವಾಣಿ.
- 15100: ಉಚಿತ ಕಾನೂನು ನೆರವು. ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ವಕೀಲರ ಸೇವೆ ಸಿಗುತ್ತದೆ.
- ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ: 18ರ ಮೊದಲು ಮದುವೆಯ ಅಪಾಯದಲ್ಲಿರುವ ಹುಡುಗಿ ರಕ್ಷಣೆ ಬೇಕಾದ ಮಗು ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.
- ಬಾಲ್ಯವಿವಾಹ ನಿಷೇಧಾಧಿಕಾರಿ: ಅಂಗನವಾಡಿ ಟೀಚರ್ ಅಥವಾ ಸಿಡಿಪಿಒ ಕಚೇರಿ ಮೂಲಕ ತಲುಪಬಹುದು. ಮದುವೆಗೆ ಮೊದಲೇ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ತಡೆಯಾಜ್ಞೆ ಮೀರಿ ನಡೆದ ಮದುವೆ ಎಲ್ಲಿಯಾದರೂ ಅಸಿಂಧು.

ಅರ್ಜಿ ಮಲಯಾಳದಲ್ಲೇ ಇರಬೇಕೆಂದಿಲ್ಲ. ದೇಶದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ದೂರು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

ಜಮಾಅತ್, ಮದ್ರಸ, ಯುವಕರ ಸಂಘ

ಕಾನೂನು ಸಾಮಾನ್ಯವಾಗಿ ಬರುವುದು ತಡವಾಗಿ. ಅದಕ್ಕಿಂತ ಮೊದಲು ಮನೆಯ ಬಾಗಿಲಿಗೆ ಬರಬಲ್ಲವರು ಖತೀಬರು, ಉಸ್ತಾದರು, ಜಮಾಅತ್‌ನ ಹಿರಿಯರು. ನಿಕಾಹ್ ರಿಜಿಸ್ಟರಿಗೆ ಹೆಸರು ಬರೆಯುವ ಮೊದಲು ಇಬ್ಬರ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ನೋಡುವುದೊಂದು ಕ್ರಮವಾದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಜಮಾಅತ್ ವ್ಯಾಪ್ತಿಯಲ್ಲಿ ಈ ವರ್ಷ ಹತ್ತನೇ ತರಗತಿ ಮುಗಿಸಿದ ಹುಡುಗಿಯರು ಎಷ್ಟು, ಅವರಲ್ಲಿ ಪಿಯುಸಿ ಅಥವಾ ಪ್ಲಸ್ ಟು ಸೇರಿದವರು ಎಷ್ಟು ಎಂದು ಜೂನ್ ತಿಂಗಳಲ್ಲಿ ಯುವಕರ ಸಂಘ ಒಂದು ಪಟ್ಟಿ ಮಾಡಲಿ. ಸೇರದವರ ಮನೆಗೆ ಹೋಗಿ ಕಾರಣ ಕೇಳಲಿ. ಬಸ್ಸಿನ ತೊಂದರೆಯೋ, ಫೀಸೋ, ಮನೆಯಲ್ಲಿ ಕಾಯಿಲೆಯೋ, ಸಂಬಂಧ ಬಂದದ್ದೋ ತಿಳಿದರೆ ಪರಿಹಾರ ಹುಡುಕಬಹುದು.

ಹೆಣ್ಣುಶಿಶುವನ್ನು ಜೀವಂತ ಹೂಳುವ ಪದ್ಧತಿಯನ್ನು ಖಂಡಿಸಿದ ಧರ್ಮ ಇದು. ಪ್ರವಾದಿಗೆ ಅವತೀರ್ಣವಾದ ಮೊದಲ ವಚನವೇ ಓದಲು ಹೇಳಿತು. ಹದೀಸ್ ಜ್ಞಾನದಲ್ಲಿ ಆಯಿಶಾ ಬೀವಿಯವರ ಸ್ಥಾನ ಎಲ್ಲರಿಗೂ ಗೊತ್ತು. ಹೆಣ್ಣುಮಗಳ ಓದಿಗೆ ದೀನ್ ಅಡ್ಡ ಬರುತ್ತದೆ ಎನ್ನುವವರಿಗೆ ಉತ್ತರ ಕೊಡಲು ಉಸ್ತಾದರಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ?

ಮುಂದಿನ ಸಲ ಫಲಿತಾಂಶ ಬಂದ ದಿನ ಮನೆಯಲ್ಲಿ ಸಂಬಂಧದ ಮಾತು ಎದ್ದರೆ ಉಪ್ಪ-ಉಮ್ಮ ಮೊದಲು ಮಗಳನ್ನೇ ಕೇಳಲಿ: "ನಿನಗೆ ಮುಂದೆ ಏನು ಓದಬೇಕು, ಮಗಳೇ?" ಅವಳ ಉತ್ತರ ಕೇಳಿದ ಮೇಲೆ ಬಂದವರಿಗೆ ಹೇಳಲು ಒಂದೇ ಮಾತು ಸಾಕು: "ಅವಳು ಓದುತ್ತಿದ್ದಾಳೆ."