ಗಂಜಿ ತೊಟ್ಟಿ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರನ್ನೋ ಹೊಯ್ಸಳರನ್ನೋ ಕುರಿತು ಬರೆಯುವುದನ್ನು ಬಿಟ್ಟು ಗಂಜಿಯ ವಿಚಾರವನ್ನೆತ್ತಿಕೊಂಡಿರುವುದಕ್ಕೆ ವಾಚಕ ಮಹಾಶಯರು ಕ್ಷಮಿಸಬೇಕು. ಇದಕ್ಕೆ ಕಾರಣನಾದವನು ಒಬ್ಬ ಮುದುಕ.

ನಮ್ಮ ಸಂಘದ ಐದಾರು ಮಂದಿ ಭಾನುವಾರದ ರಾತ್ರಿ ಚಿತ್ರಾನ್ನ, ಮೊಸರನ್ನಗಳ ಪೊಟ್ಟಣ ಕಟ್ಟಿಕೊಂಡು ಸೆಂಟ್ರಲ್ ಸ್ಟೇಷನ್ನಿನ ಮಗ್ಗುಲಿನ ವಾಲ್‌ಟ್ಯಾಕ್ಸ್ ರಸ್ತೆಗೆ ಹೋಗುವ ವಾಡಿಕೆಯುಂಟು. ಅಲ್ಲಿ ಕಾಲುದಾರಿಯ ಮೇಲೆಯೇ ಹುಟ್ಟಿ, ಅಲ್ಲಿಯೇ ಮಕ್ಕಳನ್ನು ಹೆತ್ತ ಸಂಸಾರಗಳಿವೆ. ಬ್ಯಾಂಕಿನ ಗುಮಾಸ್ತರಾದ ನಮ್ಮ ಪಾಲಿಗೆ ಪೊಟ್ಟಣಗಳ ಲೆಕ್ಕ ಬಂದಿದೆ. ಒಂದು ರಾತ್ರಿ ಗೋಡೆಗೊರಗಿ ಕುಳಿತಿದ್ದ ಮುದುಕನೊಬ್ಬ ನಮ್ಮನ್ನು ಕರೆದು, "ತಂಬಿ, ಕಂಜಿ ತೊಟ್ಟಿ, ಕಂಜಿ ತೊಟ್ಟಿ" ಎಂದ. "ಗಂಜಿ ಇಲ್ಲ ತಾತಾ, ಚಿತ್ರಾನ್ನ ಇದೆ" ಎಂದೆವು. ಅವನು ನಕ್ಕು ಕಾಲನ್ನು ಮುಂದೆ ಚಾಚಿದ. ಪಾದದಲ್ಲಿ ಹುಣ್ಣು ಕೊಳೆತಿತ್ತು. ಅವನು ಕೇಳಿದ್ದು ಗಂಜಿಯನ್ನಲ್ಲ, ಆಸ್ಪತ್ರೆಯನ್ನು. ಸ್ಟಾನ್ಲಿ ಆಸ್ಪತ್ರೆಗೆ ಉತ್ತರ ಚೆನ್ನೈಯ ಹಳಬರು ಇಟ್ಟಿರುವ ಹೆಸರೇ ಕಂಜಿ ತೊಟ್ಟಿ ಆಸ್ಪತ್ರೆ. ಆಟೋ ಹಿಡಿದು ಕರೆದೊಯ್ದೆವು. ಈ ಹೆಸರು ಏಕೆ ಬಂತೆಂದು ಹುಡುಕತೊಡಗಿದ ನಮಗೆ, ಹುಡುಕಿದಷ್ಟೂ ದಾರಿ ಮೈಸೂರಿನ ಕಡೆಗೇ ತಿರುಗಿತು.

1780ರ ಜುಲೈನಲ್ಲಿ ಹೈದರಾಲಿಯ ದೊಡ್ಡ ಸೈನ್ಯ ಘಟ್ಟವಿಳಿದು ಕರ್ನಾಟಿಕ್ ಸೀಮೆಗೆ ನುಗ್ಗಿತು. ಆ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಬಳಿ ಕಂಪನಿಯ ಸೈನ್ಯಕ್ಕಾದ ಸೋಲನ್ನು ನಾವು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಓದದೆ ಬಿಟ್ಟದ್ದು ಅದರ ಆಚೆಯ ಪುಟವನ್ನು. ಶತ್ರುವಿಗೆ ಕಾಳು ದಕ್ಕಬಾರದೆಂದು ಮದ್ರಾಸಿನ ಸುತ್ತಲ ಹಳ್ಳಿಗಳನ್ನು ಸುಟ್ಟರು. ದನಗಳನ್ನು ಹೊಡೆದುಕೊಂಡು ಹೋದರು. ಮನೆಮಠ ಕಳೆದುಕೊಂಡ ರೈತರು ಗುಂಪು ಗುಂಪಾಗಿ ಪಟ್ಟಣದ ಗೋಡೆಯ ಬಳಿಗೆ ಬಂದರು. ಹೊಲಗಳು ಹಾಳುಬಿದ್ದುದರಿಂದ ಪಟ್ಟಣಕ್ಕೆ ಅಕ್ಕಿ ಬರಬೇಕಾದರೆ ಬಂಗಾಳದಿಂದ ಸಮುದ್ರದ ಮೇಲೆಯೇ ಬರಬೇಕಾಯಿತು. 1782ರ ಅಕ್ಟೋಬರಿನಲ್ಲಿ ಬಿರುಗಾಳಿಯೆದ್ದು ಅಕ್ಕಿಯ ಹಡಗುಗಳು ದಡದ ಬಳಿಯೇ ಮುಳುಗಿದವು. ಈ ಕ್ಷಾಮದ ಹೊಣೆಯನ್ನೆಲ್ಲ ಹೈದರನ ತಲೆಗೆ ಕಟ್ಟುವವರೂ ಉಂಟು, ಅದು ನ್ಯಾಯವಲ್ಲ. 1769ರ ಒಪ್ಪಂದದಂತೆ ಅವನ ನೆರವಿಗೆ ಹೋಗಬೇಕಾಗಿದ್ದ ಕಂಪನಿ, ಮರಾಠರು ಅವನ ಮೇಲೆ ಬಿದ್ದಾಗ ಕೈ ಕಟ್ಟಿ ಕುಳಿತಿತ್ತು. ಆದರೆ ಬೆಂಕಿಯನ್ನು ಹಿಡಿದ ಕೈ ನಮ್ಮ ಸೀಮೆಯದೆಂಬುದನ್ನು ಮರೆಮಾಡಿ ಬರೆಯಲು ಮನಸ್ಸೊಪ್ಪುವುದಿಲ್ಲ.

ವಾಲ್‌ಟ್ಯಾಕ್ಸ್ ಎಂಬ ಹೆಸರೂ ಆ ಕಾಲದ್ದೇ. 1769ರಲ್ಲಿ ಹೈದರನು ಕುದುರೆದಂಡಿನೊಡನೆ ಪಟ್ಟಣದ ಬಾಗಿಲಿಗೇ ಬಂದು ಕರಾರು ಬರೆಸಿಕೊಂಡು ಹೋದಮೇಲೆ, ಹೆದರಿದ ಕಂಪನಿಯವರು ಬ್ಲ್ಯಾಕ್ ಟೌನಿನ ಸುತ್ತ ಗೋಡೆ ಕಟ್ಟಿಸಿದರು. ಖರ್ಚಿಗಾಗಿ ನಿವಾಸಿಗಳ ಮೇಲೆ ತೆರಿಗೆ ಹಾಕಬೇಕೆಂದರು. ತೆರಿಗೆ ವಸೂಲಾಗಲಿಲ್ಲ, ಹೆಸರು ಮಾತ್ರ ರಸ್ತೆಗೆ ಅಂಟಿಕೊಂಡಿತು. (ವಸೂಲಾಗದ ಬಾಕಿ ಎರಡೂವರೆ ಶತಮಾನ ಹೀಗೆ ಬಾಳುವುದನ್ನು ನಮ್ಮ ಕಸುಬಿನವರು ಬೇರೆಲ್ಲಿಯೂ ಕಾಣೆವು.)

ಆ ಹಸಿದ ಜನಕ್ಕಾಗಿ 1782ರಲ್ಲಿ ರಾಯಪುರದ ಕಡೆಯಲ್ಲಿ, ಊರ ಮಣಿಯಗಾರನೊಬ್ಬನ ತೋಟದಲ್ಲಿ ಗಂಜಿ ಬೇಯಿಸಿ ಹಂಚತೊಡಗಿದರೆಂದು ಹೇಳಿಕೆ. ಮಣಿಯಗಾರನೆಂದರೆ ನಮ್ಮ ಕಡೆಯ ಮಣೇಗಾರನೇ. ಇಂಗ್ಲಿಷರ ಬಾಯಲ್ಲಿ ಅದು 'ಮೊನೆಗಾರ್ ಛತ್ರ'ವಾಯಿತು. ಆ ಮನುಷ್ಯನ ಸ್ವಂತ ಹೆಸರು ಉಳಿಯಲಿಲ್ಲ, ಹುದ್ದೆಯಷ್ಟೇ ಉಳಿಯಿತು. ತೊಟ್ಟಿಯಲ್ಲಿ ಗಂಜಿ ಸುರಿದು ಹಂಚಿದ ಸ್ಥಳ ಜನರ ಪಾಲಿಗೆ ಕಂಜಿ ತೊಟ್ಟಿ. ಹಸಿದು ಬಂದವರಲ್ಲಿ ರೋಗಿಗಳೂ ಇರುವುದು ಸಹಜವಷ್ಟೆ? 1799ರಲ್ಲಿ ಜಾನ್ ಅಂಡರ್‌ವುಡ್ ಎಂಬ ವೈದ್ಯನು ಛತ್ರದ ಬಳಿಯಲ್ಲಿ ಚಿಕಿತ್ಸಾಲಯ ತೆರೆದನು. ಅದೇ ಬೆಳೆದು, 1938ರಲ್ಲಿ ಸ್ಟಾನ್ಲಿ ವೈದ್ಯಕೀಯ ಕಾಲೇಜಾಯಿತು.

ತಂಜಾವೂರಿನಲ್ಲಿಯೂ ಇಂಥದೇ ಒಂದು ಸಂಗತಿ ನಡೆಯಿತು. ಅಲ್ಲಿ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿಯಿದ್ದನು. 1779ರಲ್ಲಿ ಕಂಪನಿಯ ಪರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರನೊಡನೆ ಸಂಧಾನದ ಮಾತನಾಡಿ ಬಂದವನು. ಮಾತು ಫಲಿಸಲಿಲ್ಲ. ಆದರೆ ಹೈದರನಿಗೆ ಅವನಲ್ಲಿ ಗೌರವ ಹುಟ್ಟಿತು. ಯುದ್ಧಕಾಲದಲ್ಲಿಯೂ ಪಾದ್ರಿಯನ್ನು ತಡೆಯಬಾರದೆಂದು ತನ್ನವರಿಗೆ ಅಪ್ಪಣೆ ಮಾಡಿದನು. ಆ ಪಾದ್ರಿ ಅಗ್ಗದ ದಿನಗಳಲ್ಲಿ ಕೊಂಡು ಕೂಡಿಟ್ಟಿದ್ದ ಧಾನ್ಯದಿಂದಲೇ ಕ್ಷಾಮದಲ್ಲಿ ತಂಜಾವೂರಿನ ಹಸಿದವರನ್ನು ಉಳಿಸಿದನು.

ನೂರು ವರ್ಷ ತುಂಬುವ ಮುನ್ನವೇ ಹಸಿವು ಮೈಸೂರಿಗೂ ಬಂತು. 1876-78ರ ಬರ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷಕ್ಕೆ ಮಿಕ್ಕಿದ್ದರು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಮದ್ರಾಸಿನಲ್ಲಿ ಮೊನೆಗಾರ್ ಛತ್ರದ ಒಲೆ ಮತ್ತೆ ಹೊತ್ತಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು, ಪರಿಹಾರದ ಕೆಲಸ ಮಾಡುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಕೂಲಿ ಸಾಕೆಂದನು. ಇದರಿಂದ ಜನ ಬದುಕಲಾರರೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಹಿರಂಗವಾಗಿ ವಾದಿಸಿದನು. ಪೌಂಡೆಂದರೆ ಸುಮಾರು 450 ಗ್ರಾಂ. ಒಂದು ರಾತ್ರಿ ನಮ್ಮ ಅಡಿಗೆಮನೆಯ ತಕ್ಕಡಿಯಲ್ಲಿ ಅಷ್ಟು ಅಕ್ಕಿಯನ್ನು ತೂಗಿ ನೋಡಿದೆವು. ಕಚೇರಿಯಲ್ಲಿ ಕುಳಿತು ಬರೆಯುವವನಿಗೆ ಅದು ಸಾಕೆನ್ನಿಸಬಹುದು. ದಿನವಿಡೀ ಮಣ್ಣು ಹೊತ್ತವನಿಗೆ, ಅದೂ ಬೇಳೆ ತರಕಾರಿ ಕಾಣದವನಿಗೆ, ಸಾಲದು.

ಎರಡು ಭಾನುವಾರ ಕಳೆದಮೇಲೆ ಮುದುಕ ಅದೇ ಗೋಡೆಯ ಬಳಿ ಸಿಕ್ಕಿದ. ಕಾಲಿಗೆ ಬಿಳಿಯ ಪಟ್ಟಿ ಕಟ್ಟಿದ್ದರು. ನಮ್ಮದು ಯಾವ ಊರೆಂದು ವಿಚಾರಿಸಿದ. ಮೈಸೂರು ಕಡೆ ಎಂದೆವು. ಹೈದರನ ಕತೆ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಅವನು ತಲೆಯಾಡಿಸಿ, ಮೊಸರನ್ನ ಇನ್ನೊಂದು ಇರಲಿ, ಪಕ್ಕದವನು ಕೂಲಿಯಿಂದ ಇನ್ನೂ ಬಂದಿಲ್ಲ ಎಂದ. ಅಂದಿನ ಲೆಕ್ಕದಲ್ಲಿ ಅವನ ಹೆಸರಿಗೆ ಎರಡು ಪೊಟ್ಟಣ ಬರೆದುಕೊಂಡೆವು.