ಜಾಲಹಳ್ಳಿಯ ಎರಡು ಯಂತ್ರಗಳು

ಪುಟ್ಟೇನಹಳ್ಳಿ ಅಂದ ಕೂಡಲೇ ಜನ ಜೆ.ಪಿ. ನಗರದ್ದಾ ಅಂತ ಕೇಳುತ್ತಾರೆ. ಅಲ್ಲ ಸ್ವಾಮಿ, ಯಲಹಂಕದ್ದು. ಹಕ್ಕಿಗಳ ಕೆರೆ ಇರುವ ಪುಟ್ಟೇನಹಳ್ಳಿ. ಈಗ ಇಲ್ಲಿ ಹಕ್ಕಿಗಳ ಜೊತೆಗೆ ಪ್ರಾಡಕ್ಟ್ ಮ್ಯಾನೇಜರ್‌ಗಳೂ ವಲಸೆ ಬಂದಿದ್ದಾರೆ. ಯಾವುದೇ ಅಪಾರ್ಟ್‌ಮೆಂಟ್‌ನ ಲಿಫ್ಟ್‌ನಲ್ಲಿ ನಾಲ್ಕು ಜನ ನಿಂತಿದ್ದರೆ ಅವರಲ್ಲಿ ಒಬ್ಬರ ಕೊರಳಲ್ಲಿ ಮಾನ್ಯತಾ ಟೆಕ್ ಪಾರ್ಕ್‌ನ ಯಾವುದೋ ಕಂಪನಿಯ ಟ್ಯಾಗ್ ನೇತಾಡುತ್ತಿರುತ್ತೆ.

ಪ್ರಾಡಕ್ಟ್ ಮ್ಯಾನೇಜರ್ ಅಂದ್ರೆ ಯಾರು? ಕೋಡ್ ಬರೆಯುವವರಲ್ಲ, ಮಾಲು ಮಾರುವವರೂ ಅಲ್ಲ. ಏನು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವುದನ್ನು ಮಾಡಲೇಬಾರದು ಅಂತ ತೀರ್ಮಾನ ಮಾಡುವವರು. ಸಂಬಳ ಚೆನ್ನಾಗಿದೆ, ನಿದ್ದೆ ಕಡಿಮೆ. ಒಂದು ವಾರ ಎಐ ಸುದ್ದಿ, ಇನ್ನೊಂದು ವಾರ ಲೇಆಫ್ ಸುದ್ದಿ. ನಾನು ಇಂಜಿನಿಯರಿಂಗ್ ಓದಿದವನು ಅಂತ ಗೊತ್ತಾದ ಮೇಲೆ ಇವರಲ್ಲಿ ಕೆಲವರು ಕೇಳುತ್ತಾರೆ: ‘ಸರ್, ಒಳ್ಳೇ ಪುಸ್ತಕ ಯಾವುದು? ಯಾವ ಕೋರ್ಸ್ ಮಾಡಬೇಕು? ಯಾವ ಪಾಡ್‌ಕಾಸ್ಟ್ ಕೇಳಬೇಕು?’ ಅಮೆರಿಕದವರು ಬರೆದ ಹತ್ತು ಪುಸ್ತಕದ ಹೆಸರು ಅವರಿಗೇ ಗೊತ್ತಿರುತ್ತೆ. ನಾನು ಹೇಳುವುದು ಒಂದೇ. ಅಟ್ಟೂರು ಲೇಔಟ್, ಎಂ.ಎಸ್. ಪಾಳ್ಯ, ಗಂಗಮ್ಮನ ಗುಡಿ ಹಾದು ಜಾಲಹಳ್ಳಿಗೆ ಹೋಗಿ. ಬಿಇಎಲ್ ಗೇಟ್ ಮುಂದೆ ಒಂದು ನಿಮಿಷ ನಿಲ್ಲಿ. ಇದೇ ಸಂಸ್ಥೆ 2004ರ ಏಪ್ರಿಲ್‌ನಲ್ಲಿ ದೇಶದ ಮುಂದೆ ಎರಡು ಯಂತ್ರ ಇಟ್ಟಿತ್ತು. ಎರಡೂ ಸಾಮಾನ್ಯ ಜನರಿಗಾಗಿ ಮಾಡಿದ್ದು. ಓದು ಬರಹ ಬಾರದವರೂ ಬಳಸಬೇಕು ಅಂತ ಮಾಡಿದ್ದು. ಒಂದು ಇಡೀ ದೇಶವನ್ನೇ ಮುಟ್ಟಿತು. ಇನ್ನೊಂದರ ಹೆಸರು ಹೇಳಿದರೆ ಇವತ್ತಿನ ಹುಡುಗರು ‘ಹಾಗಂದ್ರೇನು?’ ಅಂತಾರೆ.

ಆ ಇನ್ನೊಂದರ ಹೆಸರು ಸಿಂಪ್ಯೂಟರ್.

1998ರಲ್ಲಿ ಬೆಂಗಳೂರಿನಲ್ಲಿ ಐಟಿ ಮೇಳದ ಜೊತೆಗೇ ಒಂದು ವಿಚಾರ ಸಂಕಿರಣ ನಡೆಯಿತು. ಕಂಪ್ಯೂಟರ್ ಹಳ್ಳಿಗೆ ಹೋಗಬೇಕಾದರೆ ಅದು ಹೇಗಿರಬೇಕು ಅನ್ನುವುದು ಅಲ್ಲಿ ಎದ್ದ ಪ್ರಶ್ನೆ. ಪರ್ಸನಲ್ ಕಂಪ್ಯೂಟರ್ ಅನ್ನುವುದು ಆಗ ಅಪ್ಪ ಪಿ.ಎಫ್. ಸಾಲ ತೆಗೆದು ತರುತ್ತಿದ್ದ ವಸ್ತು. ಇಂಗ್ಲಿಷ್ ಬೇಕು, ಕರೆಂಟ್ ಬೇಕು, ಕೂರಲು ಟೇಬಲ್ ಬೇಕು. ಐಐಎಸ್‌ಸಿಯ ನಾಲ್ವರು ಪ್ರಾಧ್ಯಾಪಕರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಅವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರು ಸೇರಿದರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಸರಳ, ಅಗ್ಗ, ಬಹುಭಾಷಾ ಜನರ ಕಂಪ್ಯೂಟರ್ ಅನ್ನುವುದು ಹೆಸರಿನ ಅರ್ಥ. ಬೆಲೆ 9,000 ರೂಪಾಯಿ ಆಸುಪಾಸು ಇರಬೇಕು ಅನ್ನುವುದು ಗುರಿ.

2001ರ ಏಪ್ರಿಲ್‌ನಲ್ಲಿ ಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆ. ಕಪ್ಪು ಬಿಳುಪು ಪರದೆ, ಕಡ್ಡಿಯಲ್ಲಿ ಮುಟ್ಟಿದರೆ ಕೆಲಸ ಮಾಡುತ್ತೆ. ಒಳಗೆ ಲಿನಕ್ಸ್. ಅಕ್ಷರ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಕನ್ನಡವನ್ನೂ ಮಾತಾಡುತ್ತಿತ್ತು. ನನ್ನ ಪ್ರಕಾರ ಇವೆಲ್ಲಕ್ಕಿಂತ ಬುದ್ಧಿವಂತಿಕೆಯ ಯೋಚನೆ ಸ್ಮಾರ್ಟ್ ಕಾರ್ಡ್‌ನದು. ಊರಿಗೆ ಒಂದು ಯಂತ್ರ ಸಾಕು, ಪಂಚಾಯಿತಿಯಲ್ಲೋ ಅಂಗಡಿಯಲ್ಲೋ ಇರಲಿ. ಪ್ರತಿಯೊಬ್ಬರ ಹತ್ತಿರ ಒಂದು ಕಾರ್ಡ್ ಇರುತ್ತೆ. ಕಾರ್ಡ್ ತುರುಕಿದರೆ ಅಷ್ಟು ಹೊತ್ತು ಆ ಯಂತ್ರ ನಿಮ್ಮದು, ತೆಗೆದರೆ ಪಕ್ಕದವರದು. ಹಂಚಿಕೊಂಡು ಬಳಸುವ ಪರ್ಸನಲ್ ಕಂಪ್ಯೂಟರ್! ಯಂತ್ರದ ವಿನ್ಯಾಸವನ್ನೂ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಬೇರೆಯವರು ಲೈಸೆನ್ಸ್ ಪಡೆದು ಮಾಡಬಹುದು, ಸುಧಾರಣೆ ಮಾಡಿದರೆ ಸ್ವಲ್ಪ ಕಾಲ ಅದರ ಲಾಭ ತಿಂದು ಆಮೇಲೆ ಎಲ್ಲರಿಗೂ ಬಿಟ್ಟುಕೊಡಬೇಕು. ಸಾಫ್ಟ್‌ವೇರ್‌ನಲ್ಲಿ ಇದ್ದ ಈ ಪದ್ಧತಿಯನ್ನು ಹಾರ್ಡ್‌ವೇರ್‌ಗೆ ತಂದವರು ನಮ್ಮವರು.

ಜಗತ್ತು ಬೆರಗಾಯಿತು. 2001ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜೀನ್‌ನಲ್ಲಿ ಕಾದಂಬರಿಕಾರ ಬ್ರೂಸ್ ಸ್ಟರ್ಲಿಂಗ್, ಆ ವರ್ಷ ಕಂಪ್ಯೂಟರ್ ಲೋಕದಲ್ಲಿ ಆದ ಮಹತ್ವದ ಆವಿಷ್ಕಾರ ಆಪಲ್‌ದೂ ಅಲ್ಲ, ಮೈಕ್ರೋಸಾಫ್ಟ್‌ದೂ ಅಲ್ಲ, ಬೆಂಗಳೂರಿನ ಈ ಪೆಟ್ಟಿಗೆ ಅನ್ನುವ ಅರ್ಥದಲ್ಲಿ ಬರೆದರು. ನಮ್ಮ ಮಾಧ್ಯಮದವರು ಬಿಡುತ್ತಾರಾ? ರೈತ ಹೊಲದಲ್ಲಿ ನಿಂತು ಟೊಮ್ಯಾಟೊ ರೇಟು ನೋಡುತ್ತಾನೆ ಅಂತ ಬರೆದಿದ್ದೇ ಬರೆದಿದ್ದು.

ಮಾರಾಟಕ್ಕೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಪ್ರಾಧ್ಯಾಪಕರು ಕಟ್ಟಿದ ಪಿಕೋಪೆಟಾ ಕಂಪನಿ ವಿನ್ಯಾಸ ಮಾಡಿ, ಬಿಇಎಲ್ ತಯಾರಿಸಿ, 2004ರ ಏಪ್ರಿಲ್ 26ರಂದು ‘ಅಮಿಡಾ’ ಸಿಂಪ್ಯೂಟರ್ ಬಿಡುಗಡೆ ಆಯಿತು. ಕಪ್ಪು ಬಿಳುಪಿನದ್ದು 9,950 ರೂಪಾಯಿಯಿಂದ ಶುರು, ಬಣ್ಣದ ಪರದೆಯದ್ದು 20,000ದ ಹತ್ತಿರ. ಅದರೊಳಗೆ ಅಲುಗಾಟವನ್ನು ಗುರುತಿಸುವ ಸೆನ್ಸರ್ ಇತ್ತು. ಯಂತ್ರವನ್ನು ಓರೆ ಮಾಡಿದರೆ, ಕೊಡವಿದರೆ ಅದಕ್ಕೆ ತಿಳಿಯುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ. ಹಾಗಾಗಿ ಈಗಲೂ ಕೆಲವರು ‘ನಾವು ಆಪಲ್‌ಗಿಂತ ಮೂರು ವರ್ಷ ಮುಂದಿದ್ದೆವು’ ಅಂತ ಎದೆ ತಟ್ಟಿಕೊಳ್ಳುತ್ತಾರೆ. ಮುಂದಿದ್ದದ್ದು ನಿಜ. ಆದರೆ ರಾಯಚೂರಿನ ರೈತನಿಗೆ ಪೆಟ್ಟಿಗೆ ಓರೆ ಮಾಡಿ ಆಗಬೇಕಾದ ಕೆಲಸ ಏನಿತ್ತು?

ಮೊದಲ ವರ್ಷ 50,000 ಮಾರುವ ಅಂದಾಜಿತ್ತು. 2005ರಲ್ಲಿ ಪತ್ರಿಕೆಗಳು ಬರೆದ ಲೆಕ್ಕದ ಪ್ರಕಾರ ಹೋದದ್ದು ಸುಮಾರು 4,000. ಅದರಲ್ಲೂ ಹಳ್ಳಿಗಳಿಗೆ ತಲುಪಿದ್ದು ಹತ್ತರಲ್ಲಿ ಒಂದು ಪಾಲು.

ಈಗ ಮೊದಲನೆಯ ಯಂತ್ರಕ್ಕೆ ಬರೋಣ. ನೀವು ಅದನ್ನು ಮುಟ್ಟಿದ್ದೀರಿ. ಮತಯಂತ್ರ, ಇವಿಎಂ.

ಇವಿಎಂ ಅಂದ ಕೂಡಲೇ ಪಾರ್ಟಿಯವರು ಸ್ಟುಡಿಯೋದಲ್ಲಿ ಮೈಕ್ ಕಿತ್ತುಕೊಂಡು ಜಗಳ ಶುರು ಮಾಡುತ್ತಾರೆ. ಆ ಚರ್ಚೆ ಇನ್ನೊಂದು ದಿನಕ್ಕೆ ಇರಲಿ. ಇವತ್ತು ಅದನ್ನು ಬರೀ ಒಂದು ಪ್ರಾಡಕ್ಟ್ ಆಗಿ ನೋಡಿ. ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಸೋತವರು ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಜಾಗವೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಮತಗಟ್ಟೆಗಳಲ್ಲಿ ಮತ್ತೆ ಕಾಗದದ ಮತದಾನ ನಡೆಯಿತು. ಬೇರೆ ಯಾವುದೇ ಸ್ಟಾರ್ಟಪ್ ಆಗಿದ್ದರೆ ಅಲ್ಲಿಗೆ ಬಾಗಿಲು ಮುಚ್ಚುತ್ತಿತ್ತು. ಚುನಾವಣಾ ಆಯೋಗ ಕಾದು ಕೂತಿತು. 1988ರ ಕೊನೆಗೆ ಸಂಸತ್ತು ಕಾನೂನು ತಿದ್ದಿತು. 1989ರ ಹೊತ್ತಿಗೆ ಜಾಲಹಳ್ಳಿಯ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಯಂತ್ರ ಮಾಡಿಕೊಟ್ಟವು. ಹೊರಮೈ ವಿನ್ಯಾಸಕ್ಕೆ ದುಡಿದವರು ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಆಗ ಒಂದರ ಬೆಲೆ 5,500 ರೂಪಾಯಿ. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ ಕೆಲವು ವಿಧಾನಸಭಾ ಕ್ಷೇತ್ರಗಳಲ್ಲಿ ಬಳಸಿದರು. 2004ರ ಲೋಕಸಭೆಗೆ ಎಲ್ಲಾ 543 ಕ್ಷೇತ್ರ, 10 ಲಕ್ಷಕ್ಕೂ ಹೆಚ್ಚು ಯಂತ್ರ, 38 ಕೋಟಿಗೂ ಹೆಚ್ಚು ಮತದಾರರು. ಆ ಚುನಾವಣೆಯ ಮತದಾನದ ದಿನಗಳಲ್ಲಿ ಒಂದು ಏಪ್ರಿಲ್ 26. ಹೌದು, ಅಮಿಡಾ ಬಿಡುಗಡೆಯಾದ ಅದೇ ದಿನ.

ಒಳಗೆ ಏನಿದೆ ನೋಡಿ. ಆಪರೇಟಿಂಗ್ ಸಿಸ್ಟಂ ಇಲ್ಲ. ನೆಟ್‌ವರ್ಕ್ ಇಲ್ಲ. ಪರದೆ ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ಬ್ಯಾಟರಿ ಮೇಲೆ ನಡೆಯುತ್ತೆ. ಮತದಾರನಿಗೆ ಕಾಣುವುದು ಹೆಸರು, ಚಿಹ್ನೆ, ಒಂದು ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು. ಅಷ್ಟೇ. ಚಿಹ್ನೆ ಅನ್ನುವುದು 1951-52ರ ಮೊದಲ ಮಹಾಚುನಾವಣೆಯಿಂದಲೂ ಜನರಿಗೆ ಗೊತ್ತು. ಮತಗಟ್ಟೆ ಗೊತ್ತು, ಸಾಲು ಗೊತ್ತು, ಬೆರಳಿಗೆ ಶಾಯಿ ಗೊತ್ತು. ಜನ ಹೊಸದಾಗಿ ಕಲಿಯಬೇಕಾದದ್ದು ಒಂದೇ ಒಂದು: ಠಸ್ಸೆ ಒತ್ತುವ ಬದಲು ಗುಂಡಿ ಒತ್ತುವುದು. ದುಡ್ಡು ಕೊಡುವವರು ಯಾರು ಅನ್ನುವುದರಲ್ಲೂ ಗೊಂದಲ ಇಲ್ಲ, ಸರ್ಕಾರ. ಮುಂದೆ ಜನರಿಗೆ ಅನುಮಾನ ಬಂದಾಗ, ಯಾರಿಗೆ ಮತ ಹೋಯಿತು ಅಂತ ಚೀಟಿ ತೋರಿಸುವ ವಿವಿಪ್ಯಾಟ್ ಅನ್ನು 2013ರಿಂದ ಜೋಡಿಸಲು ಶುರು ಮಾಡಿದರು.

ಸಿಂಪ್ಯೂಟರ್‌ಗೆ ಇದೇ ಪ್ರಶ್ನೆಗಳನ್ನು ಹಾಕಿ. ಯಾರ ಕೆಲಸ? ಎಲ್ಲರದೂ. ಏನು ಕೆಲಸ? ಎಲ್ಲವೂ. ದುಡ್ಡು ಯಾರದು? ಇಲ್ಲಿ ಮೌನ. 9,950 ರೂಪಾಯಿ ಆಗಿನ ಹಳ್ಳಿಯ ಮನೆಗೆ ಒಂದು ಹಸುವಿನ ಮಾತು. ಪಂಚಾಯಿತಿ ಕೊಳ್ಳಬೇಕು ಅಂದರೆ ಅದಕ್ಕೆ ಆದೇಶ ಬೇಕು, ಅನುದಾನದ ಬಾಬ್ತು ಬೇಕು.

ಇನ್ನೊಂದು ಮಾತು ನಾನು ಟಿವಿಯವನಾಗಿ ಹೇಳುತ್ತೇನೆ. ಟಿವಿ ಪೆಟ್ಟಿಗೆ ಮಾಡಿದರೆ ಸಾಲದು, ಅದರಲ್ಲಿ ಕಾರ್ಯಕ್ರಮ ಬರಬೇಕು. ಕೋಲಾರದ ಮಂಡಿಯಲ್ಲಿ ಇವತ್ತು ಟೊಮ್ಯಾಟೊ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ದಿನಾ ಬೆಳಿಗ್ಗೆ ಬರೆದು ಕಳಿಸುವ ಮನುಷ್ಯ ಯಾರು? ಅವನ ಸಂಬಳ ಯಾರು ಕೊಡುತ್ತಾರೆ? ರೇಟು ತಪ್ಪಾದರೆ ಬೈಸಿಕೊಳ್ಳುವವರು ಯಾರು? ಯಂತ್ರದ ಒಳಗಿನ ಪ್ರತಿ ತಂತಿಗೂ ನಕ್ಷೆ ಇತ್ತು. ಈ ಮನುಷ್ಯನಿಗೆ ಇರಲಿಲ್ಲ.

ಹಾಗಂತ ಯಂತ್ರ ಎಲ್ಲೂ ನಿಲ್ಲಲಿಲ್ಲ ಅಂತಲ್ಲ. ಎನ್‌ಕೋರ್ ಕಂಪನಿ ಇದೇ ತಂತ್ರಜ್ಞಾನದಿಂದ ಸೇನೆಗಾಗಿ ‘ಸಾಥಿ’ ಎಂಬ ಕೈಯಂತ್ರ ಮಾಡಿತು. ಸೈನಿಕನಿಗೆ ತಾನೆಲ್ಲಿದ್ದೇನೆ, ಜೊತೆಯವರು ಎಲ್ಲಿದ್ದಾರೆ ಅಂತ ತೋರಿಸುವುದು ಅದರ ಕೆಲಸ. ಬಳಸುವವನು ಗೊತ್ತು, ಕೆಲಸ ಗೊತ್ತು, ಕೊಳ್ಳುವವರು ಗೊತ್ತು. ಅದೇ ಯಂತ್ರ ಅಲ್ಲಿ ಬೇರೆಯೇ ಆಗಿಬಿಡುತ್ತೆ.

ಅಷ್ಟರಲ್ಲಿ ಹಳ್ಳಿಗೆ ಇನ್ನೊಂದು ಪೆಟ್ಟಿಗೆ ನುಗ್ಗಿತ್ತು. 2003ರ ಮೇ ತಿಂಗಳಿಂದ ಇನ್‌ಕಮಿಂಗ್ ಕರೆ ಉಚಿತವಾಯಿತು. ಜುಲೈನಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನ್ ಕೈಗಿಟ್ಟಿತು. ಅದೇ ವರ್ಷ ನೋಕಿಯಾ 1100 ಬಂತು. ತಲೆಯ ಮೇಲೊಂದು ಟಾರ್ಚ್, ಧೂಳು ಇಳಿಯದ ಕೀಪ್ಯಾಡ್. ರಾತ್ರಿ ಪಂಪ್‌ಸೆಟ್ ಹಾಕಲು ಹೋಗುವವನಿಗೆ ಆ ಟಾರ್ಚ್ ಬೇಕಿತ್ತು. ಜಗತ್ತಿನಲ್ಲಿ 25 ಕೋಟಿ ಸೆಟ್ ಮಾರಾಟವಾಯಿತು. ಪರದೆಯಲ್ಲಿ ಕನ್ನಡ ಬರದಿದ್ದರೇನು, ಮಾತಾಡುವುದು ಕನ್ನಡದಲ್ಲೇ ಅಲ್ವಾ?

ಮಾರುಕಟ್ಟೆ ರೇಟಿನ ಕನಸೂ ಈ ಫೋನಿನಲ್ಲೇ ನನಸಾಗಿತ್ತು, ಅದೂ ಯಾರೂ ಯೋಜನೆ ಹಾಕದೆ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಕರಾವಳಿಯ ಬೂತಾಯಿ ಮೀನುಗಾರರ ಬಗ್ಗೆ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊಬೈಲ್ ಬರುವ ಮುಂಚೆ ಒಂದು ದಡದಲ್ಲಿ ಮೀನು ಕೇಳುವವರಿಲ್ಲದೆ ಸಮುದ್ರಕ್ಕೆ ಸುರಿಯುತ್ತಿದ್ದರು, ಕೆಲವೇ ಕಿಲೋಮೀಟರ್ ದೂರದ ಇನ್ನೊಂದು ದಡದಲ್ಲಿ ಮೀನಿಲ್ಲದೆ ವ್ಯಾಪಾರಿಗಳು ಬರಿಗೈಯಲ್ಲಿ ಹೋಗುತ್ತಿದ್ದರು. ಫೋನ್ ಬಂದ ಮೇಲೆ ಮೀನುಗಾರರು ದೋಣಿಯಿಂದಲೇ ಕರೆ ಮಾಡಿ, ರೇಟು ಕೇಳಿ, ದಡ ಆರಿಸಿಕೊಂಡರು. ಅವರ ಲಾಭ ಶೇ. 8ರಷ್ಟು ಏರಿತು, ತಿನ್ನುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ರೇಟು ಬರೆದು ಕಳಿಸುವ ಮನುಷ್ಯ ಸಿಕ್ಕಿದ್ದ. ಫೋನಿನ ಆ ತುದಿಯಲ್ಲಿದ್ದ ವ್ಯಾಪಾರಿಯೇ ಅವನು.

ಸಿಂಪ್ಯೂಟರ್ ಮಾಡಿದವರನ್ನು ಹಗುರವಾಗಿ ಆಡಲು ಇದನ್ನೆಲ್ಲ ಹೇಳುತ್ತಿಲ್ಲ. ಕ್ಲಾಸ್‌ರೂಮ್ ಬಿಟ್ಟು ಬೀದಿಗೆ ಇಳಿದ ಮೇಷ್ಟರುಗಳು ಅವರು. ಅದೇ ನಾಲ್ವರು 2000ದಲ್ಲಿ ಶುರು ಮಾಡಿದ ಸ್ಟ್ರಾಂಡ್ ಕಂಪನಿ ಜೀನೋಮ್ ಕ್ಷೇತ್ರದಲ್ಲಿ ಹೆಸರು ಮಾಡಿತು. ‘ಧ್ವನಿ’ ಮುಕ್ತ ತಂತ್ರಾಂಶವಾಗಿ ಬೇರೆಯವರ ಕೈಯಲ್ಲಿ ಬೆಳೆಯಿತು. ನನ್ನ ಆತಂಕ ಇವತ್ತಿನದು. ನನ್ನ ಮೇಲ್‌ಗೆ ಬರುವ ಪತ್ರಿಕಾ ಪ್ರಕಟಣೆ ನೋಡಿ: ರೈತರಿಗೆ ಎಐ, ಆಶಾ ಕಾರ್ಯಕರ್ತೆಯರಿಗೆ ಎಐ, ಕನ್ನಡದಲ್ಲಿ ಮಾತಾಡುವ ಎಐ. ಪೆಟ್ಟಿಗೆ ಹೋಗಿ ಆ್ಯಪ್ ಬಂದಿದೆ. ಮೊನ್ನೆ ಸ್ಟುಡಿಯೋಗೆ ಬಂದಿದ್ದ ಒಬ್ಬ ಹುಡುಗನನ್ನು ಕೇಳಿದೆ, ‘ನಿಮ್ಮ ಆ್ಯಪ್‌ಗೆ ದುಡ್ಡು ಕೊಡುವವರು ಯಾರಪ್ಪಾ?’ ‘ಅದು ಎರಡನೇ ಹಂತ ಸರ್’ ಅಂದ. ‘ಮೊದಲನೇ ಹಂತದಲ್ಲಿ ಎಷ್ಟು ಜನ ರೈತರ ಹತ್ತಿರ ಮಾತಾಡಿದಿರಿ?’ ಅಂದೆ. ಸರ್ವೆ ಲಿಂಕ್ ಕಳಿಸಿದ್ದಾರಂತೆ!

ಇದೇ ರಾಜ್ಯದಲ್ಲಿ ‘ಭೂಮಿ’ ಯೋಜನೆ ಗೆದ್ದದ್ದು ಹೇಗೆ? 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋದವು, 177 ತಾಲ್ಲೂಕುಗಳಲ್ಲಿ ಕೌಂಟರ್ ತೆರೆಯಿತು, 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ. ರೈತ ಕಂಪ್ಯೂಟರ್ ಮುಟ್ಟಲೇ ಇಲ್ಲ. ಅವನಿಗೆ ಕಂಪ್ಯೂಟರ್ ಬೇಕಿರಲಿಲ್ಲ, ಗ್ರಾಮಲೆಕ್ಕಿಗರ ಹಿಂದೆ ಅಲೆಯದೆ, ಕೈ ಬೆಚ್ಚಗೆ ಮಾಡದೆ ಪಹಣಿ ಬೇಕಿತ್ತು.

ಹಾಗಾಗಿ ಲಿಫ್ಟ್‌ನಲ್ಲಿ ಕೇಳಿದವರಿಗೆ ನನ್ನ ಪಟ್ಟಿ ಚಿಕ್ಕದು. ಜಾಲಹಳ್ಳಿ ಆದ ಮೇಲೆ ಯಲಹಂಕ ತಾಲ್ಲೂಕು ಕಚೇರಿಯ ಪಹಣಿ ಕೌಂಟರ್ ಹತ್ತಿರ ಅರ್ಧ ದಿನ ಕೂತುಕೊಳ್ಳಿ, ಬಂದವರು ಯಾಕೆ ಬಂದರು, ಎಷ್ಟನೇ ಸಲ ಬಂದರು ಅಂತ ಕೇಳಿ ಬರೆದುಕೊಳ್ಳಿ. ಇನ್ನೊಂದು ದಿನ ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಹೋಗಿ, ಈರುಳ್ಳಿ ತಂದವನು ರೇಟು ತಿಳಿಯಲು ಯಾರಿಗೆ ಫೋನ್ ಮಾಡುತ್ತಾನೆ ನೋಡಿ. ಫೀಸು ಇಲ್ಲ. ಲ್ಯಾಪ್‌ಟಾಪ್ ಮನೆಯಲ್ಲೇ ಬಿಡಿ. ಬೆಳಿಗ್ಗೆ ಬೇಗ ಹೊರಡಿ, ತಡವಾದರೆ ಲಾರಿಗಳ ನಡುವೆ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ.